ಎರಡು ಕ್ಯಾಮರಾಗಳ ನಡುವೆ ಚಾರ್‌ಮಿನಾರ್

ಚಾರ್‌ಮಿನಾರನ್ನು ಕಣ್ಣಾರೆ ನೋಡದವರು ಇರಬಹುದು, ಅದರ ಚಿತ್ರವನ್ನು ನೋಡದವರು ಇರಲಾರರು. ನಿಜಾಮರ ಕಾಲದ ನಾಣ್ಯದಿಂದ ಹಿಡಿದು ಸಿಗರೇಟಿನ ಪೊಟ್ಟಣದವರೆಗೆ ಅದು ಅಚ್ಚಾಗಿದೆ. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾಹ್ ಕಟ್ಟಿಸಿದ ಆ ನಾಲ್ಕು ಮಿನಾರುಗಳ ಸುತ್ತಲಿನ ಮೊಹಲ್ಲಾಗಳು, ಅಂದರೆ ಲಾಡ್ ಬಜಾರ್, ಪತ್ಥರ್‌ಗಟ್ಟಿ, ಗುಲ್ಜಾರ್ ಹೌಜ್ ಮತ್ತು ಮಕ್ಕಾ ಮಸೀದಿಯ ಆಸುಪಾಸು, ಇಂದು ದೇಶದಲ್ಲೇ ಅತಿ ಹೆಚ್ಚು ಫೋಟೋ ತೆಗೆಸಿಕೊಳ್ಳುವ ಜಾಗಗಳಲ್ಲಿ ಸೇರಿವೆ. ಹಗಲಿಗಿಂತ ರಾತ್ರಿ ಹೆಚ್ಚು. ರಮಝಾನ್ ತಿಂಗಳಲ್ಲಂತೂ ಕೇಳುವುದೇ ಬೇಡ. ಸಹರಿಯವರೆಗೆ ತೆರೆದಿರುವ ಅಂಗಡಿಗಳು, ಬಳೆಗಳ ಮೇಲೆ ಬೀಳುವ ಬಲ್ಬಿನ ಬೆಳಕು, ಹಲೀಮಿನ ಹಂಡೆಯಿಂದೇಳುವ ಹಬೆ, ಹಿನ್ನೆಲೆಯಲ್ಲಿ ಮಿನಾರು. ಚಿತ್ರ ಸಿದ್ಧ. ಯಾರು ತೆಗೆದರೂ ಅದೇ ಚಿತ್ರ.

ಇದರಲ್ಲಿ ತಪ್ಪೇನಿದೆ ಎಂದು ಓದುಗರು ಕೇಳಬಹುದು. ಸುಂದರವಾದದ್ದನ್ನು ಸುಂದರವಾಗಿ ತೋರಿಸಿದರೆ ಯಾರಿಗೆ ನಷ್ಟ? ಮುಸ್ಲಿಮರು ಬದುಕುವ ಬೀದಿಯೊಂದನ್ನು ದೇಶ ಪ್ರೀತಿಯಿಂದ ನೋಡುವುದಾದರೆ ಅದು ಸಂತೋಷದ ವಿಷಯವಲ್ಲವೇ? ಖಂಡಿತ ಸಂತೋಷದ ವಿಷಯವೇ. ಆದರೆ ಅದೇ ಬೀದಿಯಲ್ಲಿ, ಅದೇ ಜನರ ಮುಖದ ಮುಂದೆ, ಇನ್ನೊಂದು ಕ್ಯಾಮರಾವೂ ನಿಂತಿದೆ. ಒಂದು ಪ್ರವಾಸಿಯದು, ಇನ್ನೊಂದು ಪೊಲೀಸರದು. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಮಾತ್ರ ಪ್ರಶ್ನೆ ಏನೆಂದು ಅರ್ಥವಾಗುತ್ತದೆ.

ಹಳೇ ಪಟ್ಟಣದ ಹುಡುಗರು ತಡರಾತ್ರಿಯವರೆಗೆ ಅಂಗಡಿಗಳ ಜಗಲಿಯ ಮೇಲೆ, ಅಲ್ಲಿಯವರು ಚಬೂತ್ರಾ ಎಂದು ಕರೆಯುವ ಕಟ್ಟೆಗಳ ಮೇಲೆ, ಕುಳಿತಿರುತ್ತಾರೆ. ಫೋಟೋ ತೆಗೆಯಲು ಬಂದವನಿಗೆ ಇದು ಒಳ್ಳೆಯ ದೃಶ್ಯ. ಹಳದಿ ಬೆಳಕು, ಚಹಾದ ಕಪ್ಪು, ನಗುವ ಮುಖಗಳು. ಆತ ಅದಕ್ಕೆ 'ಹಳೇ ಹೈದರಾಬಾದಿನ ರಾತ್ರಿ ಸಂಸ್ಕೃತಿ' ಎಂದು ಹೆಸರು ಕೊಡುತ್ತಾನೆ. ಪೊಲೀಸರಿಗೂ ಇದೇ ದೃಶ್ಯ ಕಾಣುತ್ತದೆ. ಅವರು ಅದಕ್ಕೆ ಕೊಟ್ಟ ಹೆಸರು 'ಮಿಷನ್ ಚಬೂತ್ರಾ'. ಕಳೆದ ದಶಕದ ನಡುವಿನಿಂದ ಹೈದರಾಬಾದ್ ಪೊಲೀಸರು ಈ ಹೆಸರಿನಲ್ಲಿ ರಾತ್ರಿ ಕಟ್ಟೆಗಳ ಮೇಲೆ ಕುಳಿತ ಯುವಕರನ್ನು ಎತ್ತಿಕೊಂಡು ಹೋಗಿ, ತಂದೆತಾಯಿಯರನ್ನು ಕರೆಸಿ, ಬುದ್ಧಿವಾದ ಹೇಳಿ ಕಳುಹಿಸುತ್ತಾ ಬಂದಿದ್ದಾರೆ. ಅದೇ ಹುಡುಗ, ಅದೇ ಕಟ್ಟೆ, ಅದೇ ಗಂಟೆ. ಒಂದು ಕ್ಯಾಮರಾದಲ್ಲಿ ಅವನು ಸಂಸ್ಕೃತಿ, ಇನ್ನೊಂದರಲ್ಲಿ ಶಂಕಿತ. ಈ ಎರಡರಲ್ಲಿ ಯಾವುದನ್ನೂ ಅವನು ಆರಿಸಿಕೊಂಡಿಲ್ಲ. ಅವನು ಸುಮ್ಮನೆ ಕುಳಿತಿದ್ದ.

ಅವನು ಅಲ್ಲೇಕೆ ಕುಳಿತಿದ್ದ ಎಂದು ಇಬ್ಬರಲ್ಲಿ ಒಬ್ಬರೂ ಕೇಳುವುದಿಲ್ಲ. ಬಳೆ ಅಂಗಡಿ, ಬಟ್ಟೆ ಅಂಗಡಿ, ಹೋಟೆಲುಗಳಲ್ಲಿ ದುಡಿಯುವವನ ದಿನ ಮುಗಿಯುವುದೇ ರಾತ್ರಿ ಹನ್ನೊಂದು ಹನ್ನೆರಡಕ್ಕೆ. ಒಂದೇ ಕೋಣೆಯಲ್ಲಿ ತಂದೆತಾಯಿ, ಅಣ್ಣ ಅತ್ತಿಗೆ, ತಂಗಿಯರು ಮಲಗುವ ಮನೆಯಲ್ಲಿ ಬೆಳೆದ ಹುಡುಗನಿಗೆ ಗೆಳೆಯರೊಡನೆ ಮಾತನಾಡಲು ಬೇರೆ ಜಾಗ ಎಲ್ಲಿದೆ? ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ತಗಡಿನ ಮಾಡಿನ ಕೆಳಗೆ ನಿದ್ದೆ ಬರುವುದೇ ಮಧ್ಯರಾತ್ರಿಯ ನಂತರ. ಲಾಡ್ ಬಜಾರಿನ ಅರಗಿನ ಬಳೆಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಎಲ್ಲರೂ ಹೆಮ್ಮೆಪಟ್ಟರು. ಆ ಅರಗನ್ನು ಕೆಂಡದ ಮುಂದೆ ಕುಳಿತು ಬಗ್ಗಿಸಿ, ಒಂದೊಂದೇ ಹರಳು ಕೂರಿಸುವವರ ಕಿರುಕೋಣೆಗಳ ಬಗ್ಗೆ ಯಾರೂ ಮಾತನಾಡಲಿಲ್ಲ. ಬಳೆ ಹೊಳೆಯುತ್ತದೆ, ಆದ್ದರಿಂದ ಫೋಟೋ ಬರುತ್ತದೆ. ಕೋಣೆ ಹೊಳೆಯುವುದಿಲ್ಲ.

ಪೊಲೀಸರ ಕ್ಯಾಮರಾ ಏನು ಮಾಡುತ್ತದೆ ಎಂಬುದಕ್ಕೆ ಒಂದು ಪ್ರಕರಣ ಸಾಕು. 2021ರ ಮೇ ತಿಂಗಳಲ್ಲಿ, ಕೊರೋನಾ ಲಾಕ್‌ಡೌನ್ ಸಮಯ. ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್ ಅವರು ತಮ್ಮ ಮಾವನೊಂದಿಗೆ ಬೈಕಿನಲ್ಲಿ ಮನೆಗೆ ಮರಳುತ್ತಿದ್ದಾಗ ಹಳೇ ಪಟ್ಟಣದ ಶಹ್ರಾನ್ ಮಾರ್ಕೆಟ್ ಬಳಿ ಪೊಲೀಸರು ತಡೆದರು. ಮಾಸ್ಕ್ ತೆಗೆಯಿರಿ ಎಂದರು. ಅವರು ಒಪ್ಪಲಿಲ್ಲ. ಆದರೂ ಫೋಟೋ ತೆಗೆದರು. ಯಾಕೆ ತೆಗೆದಿರಿ, ಯಾವ ಕಾನೂನಿನಡಿ ತೆಗೆದಿರಿ, ಅದನ್ನು ಏನು ಮಾಡುತ್ತೀರಿ ಎಂದು ಅವರು ಲೀಗಲ್ ನೋಟಿಸ್ ಮೂಲಕ ಪೊಲೀಸ್ ಆಯುಕ್ತರನ್ನು ಕೇಳಿದರು. ಉತ್ತರ ಬರದಿದ್ದಾಗ ತೆಲಂಗಾಣ ಹೈಕೋರ್ಟಿನ ಮೆಟ್ಟಿಲೇರಿದರು. 2022ರ ಜನವರಿಯಲ್ಲಿ ನ್ಯಾಯಾಲಯ ಸರ್ಕಾರಕ್ಕೆ ನೋಟಿಸ್ ನೀಡಿತು. ಮುಖ ಗುರುತಿಸುವ ತಂತ್ರಜ್ಞಾನದ ಪೊಲೀಸ್ ಬಳಕೆಯನ್ನೇ ಪ್ರಶ್ನಿಸಿ ಈ ದೇಶದಲ್ಲಿ ನಡೆದ ಮೊದಲ ಹೋರಾಟಗಳಲ್ಲಿ ಇದೂ ಒಂದು. ಹಳೇ ಪಟ್ಟಣದ ಸಾಮಾನ್ಯ ನಾಗರಿಕನೊಬ್ಬ ಬೀದಿಯಲ್ಲಿ ನಿಂತು ಕೇಳಿದ ಸರಳ ಪ್ರಶ್ನೆಯಿಂದ ಅದು ಹುಟ್ಟಿತು ಎಂಬುದನ್ನು ನಾವು ಮರೆಯಬಾರದು.

ಈ ತಂತ್ರಜ್ಞಾನ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಕಣ್ಣುಗಳ ನಡುವಿನ ಅಂತರ, ಮೂಗಿನ ಉದ್ದ, ದವಡೆಯ ಆಕಾರ ಹೀಗೆ ಮುಖದ ಲಕ್ಷಣಗಳನ್ನು ಕಂಪ್ಯೂಟರ್ ಅಂಕಿಗಳಾಗಿ ಬದಲಿಸುತ್ತದೆ. ಆ ಅಂಕಿಗಳನ್ನು ಅಪರಾಧಿಗಳ, ಕಾಣೆಯಾದವರ ಫೋಟೋಗಳ ಅಂಕಿಗಳೊಡನೆ ತಾಳೆ ನೋಡುತ್ತದೆ. ಹೌದು ಅಥವಾ ಅಲ್ಲ ಎಂದು ಅದು ಹೇಳುವುದಿಲ್ಲ. ಇಷ್ಟು ಶೇಕಡಾ ಹೋಲುತ್ತದೆ ಎನ್ನುತ್ತದೆ. ಎಷ್ಟು ಹೋಲಿದರೆ ಸಾಕು ಎಂಬುದನ್ನು ನಿರ್ಧರಿಸುವವರು ಪೊಲೀಸರು. ದಿಲ್ಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನಡಿ ಕೊಟ್ಟ ಉತ್ತರದಲ್ಲಿ ಶೇ. 80ರಷ್ಟು ಹೋಲಿಕೆ ಇದ್ದರೆ ಹೊಂದಿಕೆಯಾದಂತೆ ಎಂದು ತಿಳಿಸಿದ್ದರು. ಉಳಿದ ಶೇ. 20ರಲ್ಲಿ ಯಾರ ಮಗ ಸಿಕ್ಕಿಬೀಳುತ್ತಾನೋ ಬಲ್ಲವರು ಯಾರು? ಇನ್ನು ಹೈದರಾಬಾದಿನ ವಿಷಯಕ್ಕೆ ಬಂದರೆ, 2021ರ ನವೆಂಬರ್‌ನಲ್ಲಿ ಅಮ್ನೆಸ್ಟಿ ಸಂಸ್ಥೆ ನಡೆಸಿದ ಅಂದಾಜಿನಂತೆ ಕಾಲಾ ಪತ್ಥರ್ ಮತ್ತು ಕಿಷನ್ ಬಾಗ್ ಪ್ರದೇಶಗಳ ಅರ್ಧಕ್ಕಿಂತ ಹೆಚ್ಚು ನೆಲ ಸಿಸಿಟಿವಿ ಕಣ್ಣಿನ ಕೆಳಗಿತ್ತು.

'ತಪ್ಪು ಮಾಡದವನಿಗೆ ಭಯವೇಕೆ' ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಈ ಮಾತನ್ನು ಹೇಳುವವರು 2007ರ ಮೇ 18ನ್ನು ನೆನಪಿಸಿಕೊಳ್ಳಲಿ. ಅಂದು ಜುಮಾ ನಮಾಝಿನ ಹೊತ್ತಿಗೆ ಚಾರ್‌ಮಿನಾರಿನ ಪಕ್ಕದ ಮಕ್ಕಾ ಮಸೀದಿಯಲ್ಲಿ ಬಾಂಬ್ ಸಿಡಿಯಿತು. ಸ್ಫೋಟದಲ್ಲಿ 9 ಮಂದಿ, ನಂತರ ಪೊಲೀಸ್ ಗೋಲಿಬಾರಿನಲ್ಲಿ 5 ಮಂದಿ ಸತ್ತರು. ಸತ್ತವರು ಅದೇ ಮೊಹಲ್ಲಾದ ಜನ. ಆ ಬಳಿಕ ಹಿಡಿದುಕೊಂಡು ಹೋದದ್ದೂ ಅದೇ ಮೊಹಲ್ಲಾದ ಯುವಕರನ್ನು. ತಮಗೆ ಚಿತ್ರಹಿಂಸೆ ಕೊಟ್ಟರೆಂದು ಅವರು ದೂರಿದರು. ಮೊಕದ್ದಮೆ ಹೂಡಲ್ಪಟ್ಟವರು ನಂತರ ನ್ಯಾಯಾಲಯದಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಆಗಿನ ಆಂಧ್ರಪ್ರದೇಶ ಸರ್ಕಾರ ಪರಿಹಾರ ಕೊಡಲು ಮುಂದಾಯಿತು. ಆ ಆದೇಶವನ್ನೂ 2013ರಲ್ಲಿ ಹೈಕೋರ್ಟು ರದ್ದುಪಡಿಸಿತು. ತನಿಖೆ ಬೇರೆ ದಿಕ್ಕಿಗೆ ತಿರುಗಿ ಬೇರೆಯವರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು; 2018ರ ಏಪ್ರಿಲ್‌ನಲ್ಲಿ ಅವರೂ ಬಿಡುಗಡೆಯಾದರು. ಹಾಗಾದರೆ ತಪ್ಪು ಮಾಡದೆ ಜೈಲು ಕಂಡ ಆ ಹುಡುಗರಿಗೆ ಭಯ ಇರಬೇಕೋ ಬೇಡವೋ? ತಪ್ಪು ಮಾಡದಿರುವುದು ಅವರನ್ನು ಕಾಪಾಡಲಿಲ್ಲ. ಆ ಬೀದಿಯಲ್ಲಿ ಪೊಲೀಸನ ಕೈಯಲ್ಲಿರುವ ಫೋಟೋ ಎಂದರೆ ಏನರ್ಥ ಎಂಬುದನ್ನು ಬೆಂಗಳೂರಿನ ಅಥವಾ ಮಂಗಳೂರಿನ ಸೋಫಾದ ಮೇಲೆ ಕುಳಿತು ಅಳೆಯಲಾಗದು.

ಈಗ ಪ್ರವಾಸಿಯ ಕ್ಯಾಮರಾಕ್ಕೆ ಬರೋಣ. ಅವನಿಗೂ ಪೊಲೀಸನಿಗೂ ಏನು ಸಂಬಂಧ, ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಅನ್ಯಾಯವಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಉದ್ದೇಶ ಬೇರೆ ಎಂಬುದನ್ನು ಒಪ್ಪೋಣ. ಆದರೆ ಫೋಟೋ ಒಮ್ಮೆ ಇಂಟರ್ನೆಟ್ಟಿಗೆ ಹೋದ ಮೇಲೆ ಅದು ತೆಗೆದವನ ಉದ್ದೇಶವನ್ನು ಹೊತ್ತುಕೊಂಡು ತಿರುಗುವುದಿಲ್ಲ. ಅಮೆರಿಕದ ಕ್ಲಿಯರ್‌ವ್ಯೂ ಎಂಬ ಕಂಪೆನಿ ಜನರು ಸಾಮಾಜಿಕ ಜಾಲತಾಣಗಳಲ್ಲಿ ಹಾಕಿದ್ದ ಕೋಟ್ಯಂತರ ಫೋಟೋಗಳನ್ನು ಯಾರನ್ನೂ ಕೇಳದೆ ಬಾಚಿಕೊಂಡು, ಮುಖ ಹುಡುಕುವ ಯಂತ್ರ ಮಾಡಿ ಪೊಲೀಸರಿಗೆ ಮಾರಿದ ವಿಷಯ 2020ರಲ್ಲಿ ಬಯಲಾಯಿತು. ಅಂದರೆ ರಾತ್ರಿ ಎರಡು ಗಂಟೆಗೆ, ಇಂಥ ಬೀದಿಯಲ್ಲಿ, ಇಂಥವರ ಪಕ್ಕದಲ್ಲಿ ಕುಳಿತಿದ್ದ ಎಂದು ಹೇಳುವ ಸುಂದರ ಚಿತ್ರವೊಂದು ಯಾವ ದಿನ ಯಾವ ಕಡತಕ್ಕೆ ಸೇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಫೋಟೋ ತೆಗೆದವನು ಬೆಳಗಿನ ರೈಲಿಗೆ ಊರು ಸೇರುತ್ತಾನೆ. ಫೋಟೋದಲ್ಲಿರುವವನು ಅಲ್ಲೇ ಇರಬೇಕು.

ಇನ್ನೂ ಒಂದು ಮಾತು. ಹೆಚ್ಚು ಫೋಟೋ ತೆಗೆದರೆ ಹೆಚ್ಚು ನೋಡಿದಂತೆ ಎಂದು ನಾವು ಭಾವಿಸಿದ್ದೇವೆ. ಗುಲ್ಜಾರ್ ಹೌಜ್ ಈ ಭಾವನೆಯನ್ನು ಸುಳ್ಳು ಮಾಡಿದೆ. 2025ರ ಮೇ 18ರ ಮುಂಜಾನೆ ಚಾರ್‌ಮಿನಾರಿನಿಂದ ಕೂಗಳತೆ ದೂರದ ಆ ಜಾಗದಲ್ಲಿ ಮನೆಯೊಂದಕ್ಕೆ ಬೆಂಕಿ ಬಿದ್ದು ಒಂದೇ ಕುಟುಂಬದ 17 ಮಂದಿ ಸತ್ತರು. ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಕೆಳಗೆ ಅಂಗಡಿ, ಮೇಲೆ ಮನೆ, ಹೊರಬರಲು ಇಕ್ಕಟ್ಟಾದ ಒಂದೇ ದಾರಿ. ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಹೇಳಲಾಯಿತು. ತಲೆಮಾರುಗಳಿಂದ ಅಲ್ಲೇ ಮುತ್ತಿನ ವ್ಯಾಪಾರ ಮಾಡಿಕೊಂಡಿದ್ದ ಹಿಂದೂ ಕುಟುಂಬ ಅದು. ಹಳೇ ಪಟ್ಟಣ ಎಂದರೆ ಬರೀ ಮುಸ್ಲಿಮರ ಕೇರಿ ಎಂದು ಫೋಟೋ ನೋಡಿ ತಿಳಿದವರಿಗೆ ಇದೂ ಒಂದು ಪಾಠ. ಆ ಬೀದಿಯಲ್ಲಿ ಪ್ರತಿ ರಾತ್ರಿ ಎಷ್ಟು ಫೋಟೋ ತೆಗೆಯಲಾಗುತ್ತಿತ್ತು! ತಲೆಯ ಮೇಲೆ ಜೋತಾಡುವ ವೈರುಗಳು ಎಷ್ಟೋ ಚಿತ್ರಗಳಿಗೆ 'ಹಳೆಯ ಸೊಗಡು' ತಂದುಕೊಟ್ಟಿವೆ. ಆ ವೈರು ಯಾರ ಮನೆಗೆ ಹೋಗುತ್ತದೆ, ಆ ಮನೆಗೆ ಎಷ್ಟು ಬಾಗಿಲುಗಳಿವೆ ಎಂದು ಕೇಳುವುದು ಆ ಚಿತ್ರಗಳ ಕೆಲಸವಾಗಿರಲಿಲ್ಲ. ಅತಿ ಹೆಚ್ಚು ನೋಡಲ್ಪಡುವ ಬೀದಿಯೇ ಅತಿ ಕಡಿಮೆ ಕಾಣಿಸಿಕೊಳ್ಳುವ ಬೀದಿಯಾಗಿರುವುದು ಎಂಥ ವಿಪರ್ಯಾಸ!

ಜಗತ್ತಿನ ಬೇರೆ ಊರುಗಳಲ್ಲಿ ಇಂಥ ಮೊಹಲ್ಲಾಗಳ ಜನ ಸುಮ್ಮನೆ ಕುಳಿತಿಲ್ಲ. ಜಪಾನಿನ ಕ್ಯೋಟೋ ನಗರದ ಗಿಯೋನ್ ಬಡಾವಣೆಯಲ್ಲಿ ಖಾಸಗಿ ಗಲ್ಲಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಎಂದು 2019ರಲ್ಲಿ ನಿವಾಸಿಗಳು ಬೋರ್ಡು ಹಾಕಿದರು. 2024ರಲ್ಲಿ ಕೆಲವು ಗಲ್ಲಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಿದರು. ಪ್ಯಾರಿಸ್ಸಿನ ರ‍್ಯೂ ಕ್ರೆಮ್ಯೂ ಬೀದಿಯವರು ಸಂಜೆ ಹೊತ್ತು ಗೇಟು ಹಾಕಿಸಿ ಎಂದು 2019ರಲ್ಲಿ ನಗರಾಡಳಿತವನ್ನು ಕೇಳಿದರು. ದಕ್ಷಿಣ ಕೊರಿಯಾದ ಸೋಲ್ ನಗರದ ಬುಕ್‌ಚೊನ್ ಎಂಬ ಹಳೆಯ ಹೆಂಚಿನ ಮನೆಗಳ ಬಡಾವಣೆಯಲ್ಲಿ 2024ರ ನವೆಂಬರ್‌ನಿಂದ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಒಂದು ಭಾಗಕ್ಕೆ ಪ್ರವಾಸಿಗರು ಬರುವಂತಿಲ್ಲ ಎಂಬ ನಿಯಮ ಬಂತು, ಬಳಿಕ ದಂಡವೂ ಬಂತು. ಅಲ್ಲಿನ ಆಡಳಿತಗಳು ನಿವಾಸಿಗಳ ಮಾತನ್ನು ಕೇಳಿಸಿಕೊಂಡವು. ನಮ್ಮಲ್ಲಿ? ಹಳೇ ಪಟ್ಟಣದ ನಿವಾಸಿಗೆ ರಾತ್ರಿ ಕಟ್ಟೆಯಿಂದ ಎದ್ದು ಹೋಗು ಎಂದು ಹೇಳಲಾಗುತ್ತದೆ. ನಿನ್ನ ಮನೆಯ ಮುಂದೆ ಇಷ್ಟು ಹೊತ್ತಿಗೆ ಕ್ಯಾಮರಾ ಬರುವುದು ನಿನಗೆ ಒಪ್ಪಿಗೆಯೇ ಎಂದು ಕೇಳುವುದಿಲ್ಲ. ತಡರಾತ್ರಿ ಅಲ್ಲಿ ಓಡಾಡುವ ಹಕ್ಕು ಹೊರಗಿನವನಿಗೆ ಹೆಚ್ಚು, ಒಳಗಿನವನಿಗೆ ಕಡಿಮೆ ಎಂದಂತಾಯಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಫೋಟೋ ನಿಷೇಧಿಸಿ ಎಂದು ಈ ಲೇಖನ ಕೇಳುತ್ತಿಲ್ಲ. ಸಾರ್ವಜನಿಕ ಬೀದಿಯಲ್ಲಿ ಫೋಟೋ ತೆಗೆಯುವ ಸ್ವಾತಂತ್ರ್ಯ ದೊಡ್ಡದು, ಅದು ಉಳಿಯಬೇಕು. ಅಧಿಕಾರದತ್ತ ತಿರುಗಿದ ಕ್ಯಾಮರಾ ಎಷ್ಟೋ ಬಾರಿ ದುರ್ಬಲನ ಕೊನೆಯ ಸಾಕ್ಷಿಯಾಗಿದೆ. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಪೊಲೀಸ್ ಮಂಡಿಯೂರಿದ್ದನ್ನು 17 ವರ್ಷದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚಿತ್ರೀಕರಿಸದಿದ್ದರೆ ಆ ಸಾವು ಇನ್ನೊಂದು ಸಾಮಾನ್ಯ ವರದಿಯಾಗಿ ಮುಗಿಯುತ್ತಿತ್ತು. ಹಾಗಾಗಿ ವ್ಯತ್ಯಾಸವನ್ನು ತಿಳಿಯಬೇಕು. ಸಮವಸ್ತ್ರ ತೊಟ್ಟು ಕರ್ತವ್ಯದಲ್ಲಿರುವವನು ತನ್ನ ಕೆಲಸಕ್ಕೆ ಲೆಕ್ಕ ಕೊಡಬೇಕಾದವನು. ಅವನನ್ನು ಚಿತ್ರಿಸುವುದು ಬೇರೆ. ತಳ್ಳುಗಾಡಿಯ ಕೆಳಗೆ ಮಲಗಿದವನು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಅವನನ್ನು ಚಿತ್ರಿಸುವುದು ಬೇರೆ. ನಿದ್ದೆಯಲ್ಲಿರುವವನು 'ಬೇಡ' ಎನ್ನಲಾರ. ಬೇಡ ಎನ್ನಲಾಗದವನ ಮುಂದೆ ಕ್ಯಾಮರಾ ಎತ್ತುವುದು ಕಾನೂನಿಗೆ ಸರಿ ಇರಬಹುದು, ಮರ್ಯಾದೆಗೆ ಸರಿಯಲ್ಲ.

ಈ ಮರ್ಯಾದೆ ಹೈದರಾಬಾದಿಗೆ ಹೊಸದೇನಲ್ಲ. ಆರನೇ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಅವರು 1892ರಲ್ಲಿ ಪರ್ದಾ ಪಾಲಿಸುವ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದಿದ್ದರು. ಕ್ಯಾಮರಾದ ಹಿಂದೆ ನಿಲ್ಲುತ್ತಿದ್ದವರೂ ಮಹಿಳೆಯೇ. ಚಿತ್ರ ಬೇಕೆಂದವರಿಗೆ ಚಿತ್ರ, ಅವರ ಷರತ್ತಿನ ಮೇಲೆ. 130 ವರ್ಷಗಳ ಹಿಂದೆ, ಭಾರವಾದ ಗಾಜಿನ ಪ್ಲೇಟು ಹೊತ್ತು ತಿರುಗುವ ಕಾಲದಲ್ಲಿ ಸಾಧ್ಯವಾದದ್ದು, ಅಂಗೈಯಗಲದ ಮೊಬೈಲಿನ ಕಾಲದಲ್ಲಿ ಯಾಕೆ ಸಾಧ್ಯವಾಗದು? 'ಭಾಯ್, ಒಂದು ಫೋಟೋ ತೆಗೀಲಾ?' ಎಂದು ಕೇಳಲು ಎಷ್ಟು ಹೊತ್ತು ಬೇಕು? ಕೇಳಿದರೆ ಸಹಜತೆ ಹೋಗುತ್ತದೆ ಎಂದು ಛಾಯಾಗ್ರಾಹಕರು ಹೇಳುವುದುಂಟು. ಹೋಗಲಿ. ಒಬ್ಬ ಮನುಷ್ಯನ ಒಪ್ಪಿಗೆಗಿಂತ ಅವನ ಮುಖದ ಸಹಜತೆ ದೊಡ್ಡದಲ್ಲ. ತೆಗೆದ ಮೇಲಾದರೂ ತೋರಿಸಿ ಕೇಳಬಹುದು, ಬೇಡವೆಂದರೆ ಅಳಿಸಬಹುದು.

ಕನ್ನಡಿಗರಿಗೆ ಇದು ಪಕ್ಕದ ರಾಜ್ಯದ ಸಮಾಚಾರ ಮಾತ್ರವಲ್ಲ. ಕಲಬುರಗಿ, ಬೀದರ್, ರಾಯಚೂರಿನವರಿಗೆ 1956ರವರೆಗೆ ಹೈದರಾಬಾದೇ ರಾಜಧಾನಿ. ಮದುವೆಯ ಬಳೆಗೆ, ಬಟ್ಟೆಗೆ ಇಂದಿಗೂ ಅಲ್ಲಿಗೆ ಹೋಗುವವರಿದ್ದಾರೆ. ಇನ್ನು ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಹೇಳಿತಲ್ಲ, ಆ ತೀರ್ಪಿಗೆ ಕಾರಣರಾದ ಅರ್ಜಿದಾರ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು. 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅವರು ಅರ್ಜಿ ಸಲ್ಲಿಸಿದ್ದರು. 2024ರಲ್ಲಿ ಅವರು ತೀರಿಕೊಂಡರು. ಆ ಹಿರಿಯರು ಗೆದ್ದುಕೊಟ್ಟ ಹಕ್ಕು ಬೆಂಗಳೂರಿನ ಬೀದಿಗಳಿಗೂ ಬೇಕು. ಇಲ್ಲೂ ಸೇಫ್ ಸಿಟಿ ಯೋಜನೆಯಡಿ 7 ಸಾವಿರಕ್ಕೂ ಹೆಚ್ಚು ಕ್ಯಾಮರಾಗಳು ಬಂದಿವೆ. ಇಲ್ಲೂ ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ ರಮಝಾನ್ ರಾತ್ರಿಗಳಿಗೆ ಕ್ಯಾಮರಾಗಳ ಜಾತ್ರೆ ನೆರೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆಯಾದರೂ ಅದರ 17ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿಯ ದೊಡ್ಡ ಬಾಗಿಲನ್ನೇ ತೆರೆದಿಟ್ಟಿದೆ.

ಕೊನೆಯದಾಗಿ ನಮ್ಮವರಿಗೇ ಒಂದು ಮಾತು. ಹೊರಗಿನವರ ಕ್ಯಾಮರಾವನ್ನು ಪ್ರಶ್ನಿಸುವ ಮೊದಲು ನಮ್ಮ ಕೈಯಲ್ಲಿರುವುದನ್ನು ನೋಡಿಕೊಳ್ಳಬೇಡವೇ? ರಮಝಾನಿನಲ್ಲಿ ವಿಧವೆಯೊಬ್ಬಳಿಗೆ ರೇಷನ್ ಕಿಟ್ ಕೊಡುವಾಗ ಎಂಟು ಜನ ಗಂಡಸರು ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಕೆ ತಲೆ ತಗ್ಗಿಸಿರುತ್ತಾಳೆ. ಅದೇ ರಾತ್ರಿ ಆ ಚಿತ್ರ ಊರೆಲ್ಲ ಸುತ್ತುತ್ತದೆ. ಆಕೆಯ ಮಗ ಶಾಲೆಯಲ್ಲಿ ಅದನ್ನು ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ. ಕೊಟ್ಟದ್ದನ್ನು ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥ ಮಾಡಿಕೊಳ್ಳಬೇಡಿ ಎಂದು ಪವಿತ್ರ ಕುರ್‌ಆನ್ ಎಚ್ಚರಿಸಿದೆ. ಇನ್ನೊಬ್ಬರ ಮನೆಗೆ ಹೋಗುವ ಮುನ್ನ ಅನುಮತಿ ಕೇಳಬೇಕು, ಜನರ ಗುಟ್ಟು ಕೆದಕಬಾರದು ಎಂದೂ ಕಲಿಸಿದೆ. ಈ ಶಿಷ್ಟಾಚಾರ ಬಾಗಿಲಿರುವ ಮನೆಗೆ ಮಾತ್ರ ಸೀಮಿತವೇ? ಬಾಗಿಲೇ ಇಲ್ಲದೆ ಬೀದಿಯಲ್ಲಿ ಮಲಗಿದವನಿಗೆ ಅದು ಇನ್ನೂ ಹೆಚ್ಚು ಅನ್ವಯಿಸಬೇಕಲ್ಲವೇ?

ಆದ್ದರಿಂದ ಬೇಡಿಕೆಗಳು ಸರಳವಾಗಿವೆ. ಬಂಧಿಸದ, ದೂರಿಲ್ಲದ ನಾಗರಿಕನ ಫೋಟೋವನ್ನು ಪೊಲೀಸರು ಬೀದಿಯಲ್ಲಿ ತೆಗೆಯಬಾರದು. ತೆಗೆದರೆ ಯಾವ ಕಾನೂನು ಎಂದು ಹೇಳಬೇಕು, ಯಾವಾಗ ಅಳಿಸುತ್ತೀರಿ ಎಂದು ಬರೆದುಕೊಡಬೇಕು. ಫೋಟೋ ತೆಗೆಯಲು ಬರುವವರು ಕೇಳಿ ತೆಗೆಯಲಿ, ಮಲಗಿದವರನ್ನೂ ಮಕ್ಕಳನ್ನೂ ಬಿಟ್ಟುಬಿಡಲಿ, ಮತ್ತು ಒಮ್ಮೆಯಾದರೂ ಹಗಲು ಹೊತ್ತಿಗೆ ಬರಲಿ. ಚರಂಡಿ, ವೈರು, ಒಂದೇ ಬಾಗಿಲಿನ ಮನೆಗಳನ್ನೂ ತೋರಿಸಲಿ. ನಮ್ಮ ಜಮಾಅತುಗಳು, ಸಂಘಟನೆಗಳು ಪಡೆಯುವವರ ಮುಖ ತೋರಿಸುವ ಫೋಟೋಗಳನ್ನು ಈ ವರ್ಷದಿಂದಲೇ ನಿಲ್ಲಿಸಲಿ. ಇದಕ್ಕೆ ಸರ್ಕಾರದ ಅಪ್ಪಣೆಯೂ ಬೇಡ, ಹೊಸ ಕಾನೂನೂ ಬೇಡ. ಆ ಕೆಲಸ ನಮ್ಮಿಂದಾದರೆ ಉಳಿದ ಇಬ್ಬರನ್ನು ಪ್ರಶ್ನಿಸುವಾಗ ನಮ್ಮ ದನಿಗೆ ಬಲ ಬರುತ್ತದೆ.